ಉದ್ದನೆಯ ಗಾಣದ ಕೋಲು

ಅಪ್ಪನ ಪೆಟ್ಟಿಗೆಯಲ್ಲಿ ಒಂದು ಲಟ್ಟಣಿಗೆ ಇತ್ತು. ಹಾಗೆ ಕರೆದವಳು ಅಮ್ಮ. ಅದು ಮರದಲ್ಲಿ ಕಡೆದ ಮೀನು. ಒಂದು ಗೇಣು ಉದ್ದ, ಬಿಳಿಯ ಮೈ, ಕೆಂಪು ತಲೆ, ಹೊಟ್ಟೆಯ ಕೆಳಗೆ ಎರಡು ಕಡೆ ಮೂರು ಮುಳ್ಳಿನ ಕೊಕ್ಕೆ. ಕೈಯಲ್ಲಿ ಹಿಡಿದರೆ ಚಪಾತಿ ಲಟ್ಟಿಸುವುದಕ್ಕೇ ಮಾಡಿಸಿದ ಹಾಗಿತ್ತು.

ಅಪ್ಪ ಡಾಕ್ಟರು. ಭಾನುವಾರ ಮಧ್ಯಾಹ್ನ ಭದ್ರೆಯ ದಂಡೆಯ ಮೇಲೆ ನಿಂತು ಮೀನು ಹಿಡಿಯುತ್ತಿದ್ದರು, ಹಿಡಿದದ್ದನ್ನು ಮತ್ತೆ ನೀರಿಗೇ ಬಿಡುತ್ತಿದ್ದರು. ನಮ್ಮದು ಲಿಂಗ ಕಟ್ಟಿದ ಮನೆ. ಮೀನು ಅಡುಗೆಮನೆಯ ಕಡೆ ಸುಳಿಯುವ ಪ್ರಶ್ನೆಯೇ ಇರಲಿಲ್ಲ. ಪೆಟ್ಟಿಗೆಯಲ್ಲಿದ್ದ, ಮೀನನ್ನು ಮರುಳು ಮಾಡುವ ಸಣ್ಣ ಸಣ್ಣ ಹಿತ್ತಾಳೆ ಸ್ಪೂನುಗಳಿಗೆ ಎಷ್ಟೋ ಮೀನು ಬಿದ್ದವು. ಈ ಲಟ್ಟಣಿಗೆಗೆ ಮಾತ್ರ ಒಂದೂ ಬೀಳಲಿಲ್ಲ. ಅದನ್ನು ಕೊಟ್ಟವರು ಅಣೆಕಟ್ಟು ನೋಡಲು ಅಮೆರಿಕದಿಂದ ಬಂದಿದ್ದ ಒಬ್ಬ ಇಂಜಿನಿಯರ್. "ಜರ್ಕ್‌ಬೈಟ್, ಡಾಕ್ಟರ್. ಬಿಗ್ ಬೈಟ್, ಬಿಗ್ ಫಿಶ್" ಎಂದು, ಅದು ಎಳೆದೆಳೆದು ಆಡಿಸುವ ಹುಸಿಮೀನೆಂದು ಹೇಳಿ ಹೋಗಿದ್ದರಂತೆ. ಅಪ್ಪ ಅದನ್ನು ಎಸೆದಾಗಲೆಲ್ಲ ಅವರ ಸ್ನೇಹಿತರು ದಂಡೆಯ ಮೇಲಿಂದ, "ಡಾಕ್ಟ್ರೇ, ಎಷ್ಟು ಚಪಾತಿ ಆದವು?" ಎಂದು ಕೂಗುತ್ತಿದ್ದರು. ಅಪ್ಪನೂ ನಗುತ್ತಿದ್ದರು. ಕೊನೆಯ ಕಾಯಿಲೆ ಬಿದ್ದ ವರ್ಷ ಆ ಪೆಟ್ಟಿಗೆಯನ್ನೂ ತಮ್ಮ ಆರಡಿಯ ಗ್ಲಾಸ್‌ಫೈಬರ್ ರಾಡನ್ನೂ ನನ್ನ ಕೈಗೆ ಕೊಟ್ಟು, "ಆ ಅಮೆರಿಕದೋರು ಸುಳ್ಳು ಹೇಳಿರಲ್ಲ ಮಗಳೇ. ನನಗೆ ಆಡಿಸೋಕೆ ಬರ್ಲಿಲ್ಲ, ಅಷ್ಟೆ" ಎಂದರು.

ಒಂದೇ ಒಂದು ಮೀನು ಆ ಮರದ ತುಂಡಿಗೆ ಬಾಯಿ ಹಾಕುವುದನ್ನು ನಾನು ನೋಡಬೇಕಿತ್ತು. ಆ ಒಂದು ಹಟವನ್ನು ತವರಿನಿಂದ ಹೊತ್ತುಕೊಂಡು, ರೇಷ್ಮೆ ಸೀರೆಗಳ ಕೆಳಗೆ ಪೆಟ್ಟಿಗೆಯನ್ನು ಬಚ್ಚಿಟ್ಟುಕೊಂಡು, ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಮದುವೆಯಾಗಿ ಹೊನ್ನಾಳಿಗೆ ಬಂದೆ.

ನನ್ನವರು ಸರ್ಕಾರಿ ಇಂಜಿನಿಯರ್. ನಮಗೆ ಸಿಕ್ಕ ಕ್ವಾರ್ಟರ್ಸಿನಿಂದ ಹೊಳೆ ಕೂಗಳತೆಯಷ್ಟು ದೂರ. ತುಂಗಭದ್ರೆ! ಮೊದಲ ದಿನವೇ ಕಿಟಕಿಯಿಂದ ನೋಡಿ ನನ್ನ ಹೃದಯ ಥ್ರಿಲ್ ಎಂದಿತು. ಬೇರೆ ಪದ ನನಗೆ ಇವತ್ತಿಗೂ ಸಿಕ್ಕಿಲ್ಲ. ಆದರೆ ಮನೆಯಲ್ಲಿ ಅತ್ತೆ ಇದ್ದರು. ಬೀದಿಯಲ್ಲಿ ಮೊಟ್ಟೆಯವನು ಕೂಗಿದರೆ ಎದ್ದು ಹೋಗಿ ಕಿಟಕಿ ಹಾಕುವವರು. ಬೆಳಗಿನ ಲಿಂಗಪೂಜೆಗೆ ಕುಳಿತರೆ ಬಿಸಿಲು ಅಂಗಳಕ್ಕೆ ಬರುವವರೆಗೂ ಏಳುವವರಲ್ಲ. ಆ ಹೊತ್ತು ನನ್ನದು. ರಾಡನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು "ಮಾರ್ನಿಂಗ್ ವಾಕ್" ಹೊರಡುತ್ತಿದ್ದೆ. ನನ್ನವರು ಪೇಪರಿನಿಂದ ತಲೆಯೆತ್ತದೆ, "ನಂಗೇನೂ ಗೊತ್ತಿಲ್ಲಪ್ಪ" ಎನ್ನುತ್ತಿದ್ದರು. ಹೊಳೆಯ ಮೆಟ್ಟಿಲುಗಳಿಗೆ ಬಟ್ಟೆ ಒಗೆಯಲು ಬರುತ್ತಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. "ಇಂಜಿನಿಯರಮ್ಮ ಬಂದ್ಲು, ಸೋಪಿನ ನೊರೆ ಆ ಕಡೆ ಬಿಡ್ರೇ" ಎಂದು ನನಗೊಂದು ಮೆಟ್ಟಿಲು ಬಿಟ್ಟುಕೊಡುತ್ತಿದ್ದರು.

ಆ ಮೆಟ್ಟಿಲುಗಳದ್ದೇ ನನ್ನ ತೊಂದರೆ. ಮಳೆಗಾಲ ಇಳಿದ ಮೇಲೆ ನೀರು ಕೆಳಗೆ ಹೋಗುತ್ತಿತ್ತು, ನಾನು ಮೇಲೆ ನಿಲ್ಲುತ್ತಿದ್ದೆ. ಲಟ್ಟಣಿಗೆಗೆ ತಾನಾಗಿ ಈಜುವ ಗುಣವಿಲ್ಲ. ರಾಡಿನಿಂದ ಸರಕ್ಕನೆ ಎಳೆದು, ತಕ್ಷಣ ದಾರ ಸಡಿಲ ಬಿಡಬೇಕು. ಆಗ ಅದು ಒಂದು ಪಕ್ಕಕ್ಕೆ ಜಾರುತ್ತದೆ. ಮತ್ತೆ ಎಳೆದರೆ ಇನ್ನೊಂದು ಪಕ್ಕಕ್ಕೆ. ಪೆಟ್ಟಾದ ಮೀನು ದಿಕ್ಕು ತಪ್ಪಿ ಒದ್ದಾಡುತ್ತಿದೆ ಎಂದು ದೊಡ್ಡ ಮೀನಿಗೆ ಅನಿಸಬೇಕು. ನನ್ನ ಗಿಡ್ಡ ರಾಡಿನಲ್ಲಿ ಎಳೆದರೆ ಲಟ್ಟಣಿಗೆ ಮೂಗು ಮೇಲೆತ್ತಿಕೊಂಡು, ಹಗ್ಗ ಕಟ್ಟಿದ ಕರುವಿನ ಹಾಗೆ ನೇರ ನನ್ನ ಕಡೆಗೇ ಬರುತ್ತಿತ್ತು. ಎತ್ತರದಿಂದ ಎಳೆದರೆ ಹಾಗೇ ಆಗುವುದು. ದಡದ ಬಂಡೆಗಳಿಗೆ ದಾರ ಉಜ್ಜುತ್ತಿತ್ತು ಬೇರೆ. ಒಂದು ಬೆಳಗ್ಗೆ, ಅಪ್ಪ ನಿಲ್ಲುತ್ತಿದ್ದ ಭದ್ರೆಯ ದಂಡೆಯೂ ಹೀಗೇ ಎತ್ತರವಿತ್ತಲ್ಲ ಎಂದು ನೆನಪಾಯಿತು. ಅಪ್ಪನ ಕೈ ಸರಿ ಇತ್ತು! ರಾಡು ಉದ್ದ ಸಾಲದೆ ಹೋಗಿತ್ತು. ತುದಿ ನೀರಿನ ಹತ್ತಿರ ಇರಬೇಕು, ಬಂಡೆ ದಾಟಿ ಆಚೆ ಇರಬೇಕು, ಒಂದು ಎಳೆತಕ್ಕೆ ಹೆಚ್ಚು ದಾರ ಬರಬೇಕು. ಮೆಟ್ಟಿಲಿನ ಮೇಲೆ ನಿಂತು ನಾನು ಗಟ್ಟಿಯಾಗಿ, "ಓ ಡ್ಯಾಡಿ!" ಎಂದುಬಿಟ್ಟೆ. ಬಟ್ಟೆ ಒಗೆಯುತ್ತಿದ್ದವಳೊಬ್ಬಳು, "ಯಾಕವ್ವ, ಏನಾರ ಕಚ್ತೇನು?" ಎಂದಳು.

ಅದೇ ವಾರ ನನ್ನವರಿಗೆ ಟ್ರಾನ್ಸ್‌ಫರ್ ಆರ್ಡರ್ ಬಂತು. ಜಗಳೂರಿಗೆ.

"ಅಲ್ಲಿ ಹೊಳೆ ಇದೆಯಾ?" ಎಂದು ಕೇಳಿದೆ.

"ಅಲ್ಲಿ ಕುಡಿಯೋ ನೀರು ಸಿಕ್ರೆ ಅದೇ ದೊಡ್ಡದು ಕಣೇ. ಕಾರ್ತಿಕ ಮುಗಿಯೋದ್ರೊಳಗೆ ಚಾರ್ಜ್ ತಗೋಬೇಕು."

ಅಂದರೆ ಕಾರ್ತಿಕ ಮಾಸವಷ್ಟೇ ನನಗೆ ಉಳಿದದ್ದು. ಅಷ್ಟರಲ್ಲಿ ಉದ್ದನೆಯ ರಾಡು ಸಿಗಬೇಕು. ಹೊನ್ನಾಳಿಯಲ್ಲಿ ಎಲ್ಲಿ ಸಿಗುತ್ತದೆ?

ಆಗ ಬಂದವರು ನ್ಯಾಮತಿ ಮಾವ. ಅತ್ತೆಯ ತಮ್ಮ. ಎಣ್ಣೆ, ಹಿಂಡಿ, ಮೆಣಸಿನಕಾಯಿ ಎಲ್ಲದರ ವ್ಯಾಪಾರವೂ ಇತ್ತು. ಯಾವ ಊರಲ್ಲಿ ಯಾವ ವಸ್ತು ಸಿಗುತ್ತದೆಂದು ಅವರನ್ನೇ ಕೇಳಬೇಕು. ಅತ್ತೆ ಪಕ್ಕದಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಕಿವಿಗೆ "ಮೀನು" ಎಂಬ ಪದ ಬೀಳಬಾರದು, ಅದೂ ಕಾರ್ತಿಕದಲ್ಲಿ. ನಮ್ಮ ಕಡೆ ಹೊಳೆದಂಡೆಯ ಜನ ಗಾಳಕ್ಕೆ ಗಾಣ ಎನ್ನುತ್ತಾರೆ. ಕಾನ್ವೆಂಟಿನಲ್ಲಿ ಓದಿದ ನನಗೆ ಫಿಶಿಂಗ್ ರಾಡ್ ಎನ್ನುವುದಕ್ಕೆ ಗೊತ್ತಿದ್ದ ಕನ್ನಡವೂ ಅದೊಂದೇ. ಮೀನನ್ನು ಬಿಟ್ಟು, ಬಹಳ ಜಾಣತನದಿಂದ ಕೇಳಿದೆ:

"ಮಾವ, ನನಗೊಂದು ಉದ್ದನೆಯ ಗಾಣದ ಕೋಲು ಬೇಕಿತ್ತು."

ಮಾವನ ಮುಖ ಅರಳಿತು. "ಗಾಣದ್ದಾ? ಹಂಗನ್ನು ಮತ್ತೆ! ಅಕ್ಕಾ, ಕೇಳಿಸ್ತೇನು? ಇಂಗ್ಲಿಷ್ ಓದಿದ ಹುಡುಗಿ ಗಾಣ ಕೇಳ್ತಾಳೆ."

ಅತ್ತೆ ಅವರೆಕಾಯಿ ಸುಲಿಯುತ್ತಲೇ ಇದ್ದರು.

"ಎಷ್ಟುದ್ದ ಬೇಕವ್ವ?"

"ಎಂಟಡಿಗಿಂತ ಜಾಸ್ತಿ ಇರಬೇಕು ಮಾವ. ಗಟ್ಟಿ ಇರಬೇಕು, ಬಾಗಬಾರದು."

"ಬಾಗೋದೇ? ಜಾಲಿ ಮರದ್ದು ಕಳಿಸ್ತೀನಿ ತಗೋ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬಾಗಾಕಿಲ್ಲ."

"ಆದ್ರೆ ತುಂಬಾ ಭಾರ ಬೇಡ. ಒಂದೇ ಕೈಯಲ್ಲಿ ಆಡಿಸೋಕೆ ಬರಬೇಕು."

"ಒಂದ್ ಕೈಯ್ಯಾಗಾ?" ಮಾವ ತೊಡೆ ತಟ್ಟಿ ನಕ್ಕರು. "ಅದಕ್ಕೆ ಎತ್ತು ಬೇಕವ್ವ, ಎತ್ತು!"

"ಎಷ್ಟೇ ದೊಡ್ಡದಿದ್ರೂ ನಾನೇ ಎತ್ತುತ್ತೀನಿ ಮಾವ" ಎಂದೆ ನಾನು, ಮೀನಿನ ಭಾರದ ಮಾತೆಂದುಕೊಂಡು, ಸ್ವಲ್ಪ ಹೆಮ್ಮೆಯಿಂದಲೇ.

ಮಾವ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. ಐದಡಿಯೂ ಇಲ್ಲದ ಹುಡುಗಿ. "ಭೇಷ್" ಎಂದು ಎದ್ದು ಹೋದರು.

ಆಮೇಲಿನ ದಿನಗಳೆಲ್ಲ ನಾನು ಮನೆಯ ಮುಂದೆ ಯಾವ ಗಾಡಿ ನಿಂತರೂ ಓಡುತ್ತಿದ್ದೆ. ಒಂದು ಮಧ್ಯಾಹ್ನ ನ್ಯಾಮತಿಯ ಎತ್ತಿನ ಗಾಡಿ ಬಂದೇ ಬಂತು. ಗಾಡಿಯಿಂದ ಹಿಂದಕ್ಕೂ ಮುಂದಕ್ಕೂ ಚಾಚಿಕೊಂಡು ಒಂದು ಮರ. ನನ್ನ ಸೊಂಟದಷ್ಟು ದಪ್ಪ, ಎಣ್ಣೆ ಕುಡಿದು ಕಪ್ಪಗೆ ಮಿರಮಿರ ಮಿಂಚುವ ಮರ. ಎತ್ತು ಕಟ್ಟಿ ಎಣ್ಣೆಗಾಣ ತಿರುಗಿಸುವ ತೊಲೆ. ಇಳಿಸಲು ಮೂವರು ಆಳುಗಳನ್ನೂ ಮಾವ ಕಳಿಸಿದ್ದರು. "ನಮ್ಮ ಯಜಮಾನ್ರು ಹೇಳ್ಯಾರ" ಎಂದ ಅವರಲ್ಲೊಬ್ಬ, "ಎತ್ತು ಬ್ಯಾಡಂತೆ, ಅಮ್ಮಾವ್ರೇ ತಿರುಗಿಸ್ತಾರಂತೆ."

ನಾನು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೆ. ಹಿಂದಿನಿಂದ ಏನೋ ಸದ್ದು ಬಂತು. ತಿರುಗಿ ನೋಡಿದರೆ ಅತ್ತೆ ಹೊಸ್ತಿಲ ಮೇಲೆ ಕುಳಿತುಬಿಟ್ಟಿದ್ದಾರೆ, ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಾರೆ, ಮೈಯೆಲ್ಲ ಕುಲುಕುತ್ತಿದೆ. ಅಳುತ್ತಿದ್ದಾರೆಂದು ಹೆದರಿ ಹತ್ತಿರ ಹೋದೆ. ಅವರು ನಗುತ್ತಿದ್ದರು. ನಾನು ಆ ಮನೆಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನೋಡಿರಲಿಲ್ಲ.

"ನೀನ್ ಕೇಳಿದ್ದು ಮೀನಿನ ಗಾಣ, ಅಲ್ಲೇನು?" ಎಂದರು ಉಸಿರು ಬಂದ ಮೇಲೆ.

"ಅತ್ತೆ... ನಿಮಗೆ..."

"ದಿನಾ ಬೆಳಗ್ಗೆ ಸೀರಿ ಸುತ್ತಿದ ಕೋಲು ತಗಂಡು ವಾಕಿಂಗ್ ಹೋಗ್ತಿ. ಬರೋವಾಗ ಸೀರಿ ಅಂಚು ಒದ್ದೆ. ನಾನು ಪೂಜೆಗೆ ಕಣ್ ಮುಚ್ತೀನಿ, ಕುರುಡಿ ಅಲ್ಲ." ಆಮೇಲೆ ನಗು ನಿಲ್ಲಿಸಿ ಕೇಳಿದರು. "ತಿಂತೀಯೇನು?"

"ಶಿವನಾಣೆ ಇಲ್ಲ ಅತ್ತೆ. ಹಿಡಿದು ಬಿಟ್ಟುಬಿಡೋದು."

"ತಿನ್ನಂಗಿಲ್ಲ, ಮಾರಂಗಿಲ್ಲ. ಬಿಡಾಕೆ ಯಾಕ್ ಹಿಡೀಬೇಕು?"

ಆಗ ಅವರಿಗೆ ಎಲ್ಲವನ್ನೂ ಹೇಳಿದೆ. ಅಪ್ಪ, ಅಮೆರಿಕದವರು, ಚಪಾತಿ, ನಗುತ್ತಿದ್ದ ಸ್ನೇಹಿತರು. ಸೀರೆಗಳ ಕೆಳಗಿಂದ ಲಟ್ಟಣಿಗೆ ತಂದು ತೋರಿಸಿದೆ. ಅತ್ತೆ ಕೊಕ್ಕೆಗೆ ಬೆರಳು ತಗುಲದಂತೆ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, "ಈ ದಿಮ್ಮೀನ ಯಾವ ಮೀನು ನಂಬ್ತೈತೆ?" ಎಂದರು. ಅದೇ ಪ್ರಶ್ನೆ ಅತ್ತೆ, ಅದೇ ನನ್ನ ಪ್ರಶ್ನೆಯೂ!

ತೊಲೆ ನಮ್ಮ ಅಂಗಳದ ಬೆಂಚಾಯಿತು. ಮಾರನೇ ದಿನ ಮಾವ ಖುದ್ದಾಗಿ ಬಂದು ಅದರ ಮೇಲೇ ಕುಳಿತು, "ಮೀನಿಂದು ಅಂತ ಮೊದ್ಲೇ ಹೇಳಬಾರ್ದೇನವ್ವ" ಎಂದು ತಲೆ ಕೆರೆದುಕೊಂಡರು. ಚನ್ನಗಿರಿಯಲ್ಲಿ ಅವರ ಬಾಲ್ಯದ ಗೆಳೆಯ ಒಬ್ಬರಿದ್ದರು, ರಿಟೈರ್ಡ್ ಹೆಡ್‌ಮಾಸ್ಟರ್. "ಅವನಿಗೂ ಇದೇ ಹುಚ್ಚು. ಕಾಫಿ ತೋಟ ಮಾರಿ ಹೋದ ದೊರೆಗಳ ಕೋಲೆಲ್ಲ ಕೊಂಡ್ಕಂಡು ಅಟ್ಟ ತುಂಬಿಸ್ಯಾನೆ. ಹೇಳಿ ಕಳಿಸ್ತೀನಿ. ಸೂಳೆಕೆರೆ ಏರಿ ಮ್ಯಾಲೆ ಬಂದು ನಿಂತಿರ್ತಾನೆ."

"ಶಾಂತಿಸಾಗರಕ್ಕಾ?" ಎಂದೆ. ಊರವರು ಆ ಕೆರೆಯನ್ನು ಕರೆಯುವ ಹೆಸರು ಕಾನ್ವೆಂಟಿನ ಬಾಯಿಗೆ ಬರುತ್ತಿರಲಿಲ್ಲ.

"ಸೂಳೆಕೆರೆ ಅನ್ನಾಕೆ ನಾಚ್ಕಿ" ಎಂದರು ಅತ್ತೆ ಒಳಗಿನಿಂದ, "ಮೀನು ಹಿಡಿಯಾಕೆ ನಾಚ್ಕಿ ಇಲ್ಲ. ನಾನೂ ಬರ್ತೀನಿ. ಒಬ್ಳನ್ನೇ ಹೆಂಗೆ ಕಳ್ಸೋದು? ನಲ್ಲೂರಿನಾಗೆ ನಮ್ಮ ಚಿಕ್ಕವ್ವನ ಮಗಳನ್ನೂ ನೋಡ್ಕಂಡು ಬಂದಂಗಾಗ್ತೈತೆ."

ಬಸ್ಸು ಬದಲಿಸಿ ಬದಲಿಸಿ ಸೂಳೆಕೆರೆ ಮುಟ್ಟಿದಾಗ ಗಾಳಿ ನಿಂತಿತ್ತು. ಎರಡು ಗುಡ್ಡಗಳ ನಡುವೆ ಏರಿ, ಏರಿಯ ಆಚೆ ಕಣ್ಣು ಮುಟ್ಟುವವರೆಗೂ ನೀರು. ನನಗೆ ಓಡಬೇಕೆನಿಸಿತು. ಹೆಡ್‌ಮಾಸ್ಟರು ಕೋಟು ಹಾಕಿಕೊಂಡು, ಕಲ್ಲಿನ ಕಟ್ಟೆಗೆ ರಾಡುಗಳನ್ನು ಸಾಲಾಗಿ ಒರಗಿಸಿ, ಪರೀಕ್ಷೆ ನಡೆಸುವವರ ಹಾಗೆ ನಿಂತಿದ್ದರು. ನನ್ನ ಲಟ್ಟಣಿಗೆ ನೋಡಿದ್ದೇ ತಡ, "ದೊಡ್ಡ ಬೈಟಿಗೆ ಗಿಡ್ಡ ರಾಡು. ಅದೇ ರೂಲು. ನಿಮ್ಮ ತಾವ ಇರೋದೇ ಸರಿ ಐತಲ್ಲ ತಾಯೀ" ಎಂದರು.

"ರೂಲ್ ಯಾರು ಮಾಡಿದ್ದು ಸಾರ್?"

"ಬುಕ್ಕಿನಾಗ ಐತೆ."

"ಬುಕ್ ಬರೆದೋರು ಬೋಟಲ್ಲಿ ಕೂತು ಬರೆದಿರ್ತಾರೆ ಸಾರ್. ಅವರಿಗೆ ನೀರು ಕಾಲ ಕೆಳಗೇ ಇರುತ್ತೆ. ನಾನು ಮೆಟ್ಟಿಲ ಮೇಲೆ ನಿಲ್ಲೋಳು."

"ಅಯ್ಯಪ್ಪ, ಕಾನ್ವೆಂಟು!" ಎಂದು ಅವರು ಅತ್ತೆಯ ಕಡೆ ನೋಡಿದರು. ಅತ್ತೆ ಛತ್ರಿ ಬಿಚ್ಚಿ ಕಟ್ಟೆಯ ಮೇಲೆ ಕುಳಿತು, "ಮನ್ಯಾಗೂ ಹಿಂಗೇ ರೀ" ಎಂದರು.

ಮೊದಲು ನನ್ನ ಗಿಡ್ಡ ರಾಡಿನಲ್ಲೇ ಎಸೆದು ತೋರಿಸಿದೆ. ಲಟ್ಟಣಿಗೆ ಎಂದಿನಂತೆ ಮೂಗು ಎತ್ತಿಕೊಂಡು ಬಂತು. ಮೇಷ್ಟ್ರು "ಹ್ಞೂಂ" ಎಂದರು. ಆಮೇಲೆ ಅವರೊಂದು ಉದ್ದನೆಯ ಬಿದಿರಿನ ರಾಡು ಕೊಟ್ಟರು, ಸೀಳಿದ ಬಿದಿರನ್ನು ಅಂಟಿಸಿ ಮಾಡಿದ್ದು, ಜೇನಿನ ಬಣ್ಣ, ರೇಷ್ಮೆ ದಾರದ ಕಟ್ಟು. ಇಷ್ಟು ಬ್ಯೂಟಿಫುಲ್ ಆದ ವಸ್ತುವನ್ನು ನಾನು ಕೈಯಲ್ಲಿ ಹಿಡಿದದ್ದು ಕಡಿಮೆ. ಎಸೆದೆ, ಎಳೆದೆ. ರಾಡು ಬಿಲ್ಲಿನ ಹಾಗೆ ಬಾಗಿತು. ನನ್ನ ಎಳೆತವನ್ನೆಲ್ಲ ತಾನೇ ನುಂಗಿಕೊಂಡಿತು. ಲಟ್ಟಣಿಗೆ ಅಲ್ಲಾಡಲೇ ಇಲ್ಲ.

"ಕೋಲು ಕುಣೀತೈತೆ, ಮೀನು ಮಲಗೈತೆ" ಎಂದರು ಅತ್ತೆ.

ಹಾಗಾದರೆ ಉದ್ದವೊಂದೇ ಸಾಲದು. ತುದಿ ಬಿರುಸಾಗಿರಬೇಕು. ಕಟ್ಟೆಯ ಕೊನೆಯಲ್ಲಿ ಒರಗಿದ್ದ ಒಂದನ್ನು ನಾನೇ ಎತ್ತಿಕೊಂಡೆ. ಕಂದು ಬಣ್ಣದ ಗ್ಲಾಸ್‌ಫೈಬರ್, ಒಳಗೆ ಟೊಳ್ಳು, ಎರಡು ತುಂಡು, ನಡುವೆ ಹಿತ್ತಾಳೆಯ ಕೂಡು. ಜೋಡಿಸಿ ನಿಲ್ಲಿಸಿದರೆ ನನಗಿಂತ ಎಷ್ಟೋ ಎತ್ತರ. "ಅದು ಸಮುದ್ರದ್ದು" ಎಂದರು ಮೇಷ್ಟ್ರು. "ನಿಮ್ಮ ಆಳ್ತನಕ್ಕೆ ಆಗಾಕಿಲ್ಲ ತಾಯೀ. ಒಂದು ತಾಸಿಗೆ ಮುಂಗೈ ಬಿದ್ದೋಗ್ತೈತೆ." ನಾನು ಹಟಕ್ಕೆ ಅದರ ಹಿಡಿಗೆ ನನ್ನ ದಾರ ಸುತ್ತುವ ರೀಲು ಕಟ್ಟಿ, ನೀರಿನಂಚಿಗೆ ಇಳಿದು, ಎಸೆದು, ಗಿಡ್ಡ ರಾಡಿನ ಅಭ್ಯಾಸದಲ್ಲೇ ತುದಿಯನ್ನು ಕೆಳಕ್ಕೆ ಜಗ್ಗಿದೆ. ಫಟ್! ತುದಿ ನೀರಿಗೆ ಬಡಿಯಿತು. ಇನ್ನೊಮ್ಮೆ. ಫಟ್!

"ಕೆರೆ ಏನ್ ತಪ್ಪು ಮಾಡೈತೆ ತಾಯೀ, ಹಂಗ್ ಹೊಡೀತೀರಲ್ಲ?" ಮೇಷ್ಟ್ರಿಗೆ ಖುಷಿಯೋ ಖುಷಿ.

ನನ್ನ ಕಿವಿ ಬಿಸಿಯಾಯಿತು. ಆದರೆ ತಪ್ಪು ಎಲ್ಲಿ ಎಂದು ಆ ಏಟಿನ ಸದ್ದೇ ಹೇಳಿತು. ಕೆಳಕ್ಕೆ ಜಗ್ಗುವುದು ಗಿಡ್ಡ ರಾಡಿನ ನಡೆ. ಉದ್ದದ್ದನ್ನು ಪಕ್ಕಕ್ಕೆ ಬೀಸಬೇಕು. ಮೇಲಿನ ಕಲ್ಲು ಹತ್ತಿದೆ. ನಮ್ಮ ಹೊನ್ನಾಳಿ ಮೆಟ್ಟಿಲಿನಷ್ಟೇ ಎತ್ತರ. ಹಿಡಿಯ ಬುಡವನ್ನು ಮೊಳಕೈಗೆ ಒತ್ತಿಕೊಂಡೆ, ಭಾರ ಅರ್ಧಕ್ಕಿಳಿಯಿತು. ತುದಿಯನ್ನು ನೀರಿನ ಮೇಲ್ಮೈಗೆ ಚಾಚಿ, ಬಲಕ್ಕೆ ಒಂದು ಬೀಸು, ಕೂಡಲೇ ತುದಿ ವಾಪಸ್, ದಾರ ಸಡಿಲ. ಲಟ್ಟಣಿಗೆ ಎಡಕ್ಕೆ ಜಾರಿತು. ಜಾರುತ್ತಲೇ ಹೋಯಿತು, ಎರಡು ಮೊಳ, ಹೊಟ್ಟೆಯ ಬಿಳುಪನ್ನು ಮಿಂಚಿಸುತ್ತ. ಇನ್ನೊಂದು ಬೀಸು. ಬಲಕ್ಕೆ ಹೊರಳಿತು. ಎಡ, ಬಲ, ಎಡ. ಆ ಮರದ ದಿಮ್ಮಿ ಬದುಕಿಬಿಟ್ಟಿತ್ತು! ಅಪ್ಪ ಒಮ್ಮೆಯೂ ನೋಡದ ಅದರ ನಡಿಗೆಯನ್ನು ನಾನು ನೋಡುತ್ತಿದ್ದೆ, ಕಣ್ಣು ಮಂಜಾಗಿ ಸರಿಯಾಗಿ ಕಾಣುತ್ತಲೂ ಇರಲಿಲ್ಲ.

ಅತ್ತೆ ಛತ್ರಿ ಕೆಳಗಿಟ್ಟು ಎದ್ದು ನಿಂತಿದ್ದರು. "ಅಯ್ ಶಿವನೇ! ಕುಡಿದೋನು ಸಂತೆಯಿಂದ ಬಂದಂಗೆ ಬರ್ತೈತಲ್ಲೇ ಅದು!"

ಮೇಷ್ಟ್ರು ನನ್ನ ಗಿಡ್ಡ ರಾಡನ್ನು ಕೈಗೆತ್ತಿಕೊಂಡು ಬಾಗಿಸಿ ನೋಡುತ್ತಿದ್ದರು. ಅವರು ಮೀನು ಹಿಡಿಯುವುದು ತೆಪ್ಪದಲ್ಲಿ ಕುಳಿತು. "ಇದನ್ನ ನನಗೆ ಬಿಡ್ರಿ, ಅದನ್ನ ನೀವು ತಗೊಳ್ರಿ" ಎಂದರು. "ತೆಪ್ಪದಾಗೆ ಉದ್ದದ್ದು ತಿರುಗಿಸಾಕೆ ಜಾಗ ಇಲ್ಲ. ನನಗಿದೇ ರೂಲು, ನಿಮಗೆ ಅದೇ ರೂಲು."

ಆ ಗಿಡ್ಡ ರಾಡಿನ ಕಾರ್ಕಿನ ಹಿಡಿಯಲ್ಲಿ ಅಪ್ಪನ ಹೆಬ್ಬೆರಳಿನ ಗುಳಿ ಇತ್ತು. ಪ್ರತಿ ಬೆಳಗ್ಗೆ ನನ್ನ ಹೆಬ್ಬೆರಳನ್ನು ಅಲ್ಲೇ ಇಡುತ್ತಿದ್ದೆ. ಅದನ್ನು ಕೊಡುವುದು ಹೇಗೆ? ಕೊಡದಿದ್ದರೆ ಲಟ್ಟಣಿಗೆ ಮತ್ತೆ ಸೀರೆಗಳ ಕೆಳಗೆ ಹೋಗುತ್ತದೆ, ಜಗಳೂರಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಅವರ ಕೈಯಿಂದ ಅದನ್ನು ಇಸಿದುಕೊಂಡು, ಎರಡನ್ನೂ ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದೆ.

"ನಿಮ್ಮಪ್ಪಂದು ಯಾವ್ದು ಬೇಕು ನಿನಗೆ?" ಎಂದರು ಅತ್ತೆ. "ಕೋಲಾ, ಮಾತಾ? ಲಗೂನೆ ಹೇಳು, ಬಸ್ಸು ಹೋಗ್ತೈತೆ."

ಗಿಡ್ಡ ರಾಡನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಬಸ್ಸಿನಲ್ಲಿ ಕಂಡಕ್ಟರು, "ಏನಕ್ಕಾ ಅದು, ರೇಡಿಯೋ ಏರಿಯಲ್ಲಾ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಹ್ಞೂಂ ಕಣಪ್ಪ, ಬೆಂಗ್ಳೂರ್ ಸ್ಟೇಷನ್ ಸರಿಯಾಗಿ ಹಿಡಿಯಂಗಿಲ್ಲ" ಎಂದರು.

ಅಲ್ಲಿಂದ ಮುಂದಿನ ಬೆಳಗುಗಳನ್ನು ನಾನು ಹೇಗೆ ಹೇಳಲಿ! ಸೀರೆ ಸುತ್ತುವ ಗೋಜಿಲ್ಲ. ಕಾರ್ತಿಕದ ತಿಳಿ ನೀರು. ಹೊಸ ರಾಡಿನಲ್ಲಿ ಲಟ್ಟಣಿಗೆ ಹೊಳೆಯ ನಡುವಿನವರೆಗೆ ಹಾರುತ್ತಿತ್ತು, ಕುಣಿಯುತ್ತ ವಾಪಸ್ ಬರುತ್ತಿತ್ತು. ಒಗೆಯುವ ಹೆಂಗಸರು ಕೈ ಕೆಲಸ ಬಿಟ್ಟು ನೋಡುತ್ತಿದ್ದರು. ಮುಂಗೈ ನೋಯುತ್ತಿತ್ತು, ಮೇಷ್ಟ್ರು ಹೇಳಿದ್ದು ಅಷ್ಟರಮಟ್ಟಿಗೆ ನಿಜ. ರಾತ್ರಿ ಚಪಾತಿ ಹಿಟ್ಟು ನಾದಲು ಆಗದೆ ಅನ್ನಕ್ಕೇ ಇಡುತ್ತಿದ್ದೆ. ಮೀನು ಮಾತ್ರ ಬರಲಿಲ್ಲ. ಆದರೆ ಒಂದು ಬೆಳಗ್ಗೆ, ದೊಡ್ಡ ಬಂಡೆಯ ನೆರಳಿನಿಂದ ಒಂದು ಉದ್ದನೆಯ ಕಪ್ಪು ಗೆರೆ ಹೊರಟು ಲಟ್ಟಣಿಗೆಯ ಹಿಂದೆ ಹಿಂದೆ ಬಂದು, ನಾನು ಲಟ್ಟಣಿಗೆಯನ್ನು ನೀರಿನಿಂದ ಎತ್ತಿದ ಕ್ಷಣ ತಿರುಗಿ ಹೋಯಿತು. ಬಾಳೆಮೀನು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಮನೆಗೆ ಓಡಿ ಬಂದು ಅತ್ತೆಗೆ ಹೇಳಿದೆ. "ಬಾಳೆ ಬಂದಿತ್ತು ಅತ್ತೆ, ಬಾಳೆ!" ಪಕ್ಕದ ಮನೆಯವರು ಅಂಗಳದಲ್ಲಿದ್ದರು. "ಎಲ್ಲಿ ಬಂದೈತ್ರೀ? ಏಲಕ್ಕಿ ಬಾಳೆಯಾ, ಪಚ್ಚಬಾಳೆಯಾ?" ಎಂದರು. ಅತ್ತೆ ಗಂಭೀರವಾಗಿ, "ಇನ್ನೂ ಗೊನೆ ಕಡಿದಿಲ್ಲ" ಎಂದು ಒಳಗೆ ನಡೆದರು.

ಅವತ್ತೆಲ್ಲ ಯೋಚಿಸಿದೆ. ಅದು ಬರುವುದು ಕಾಲ ಬುಡದವರೆಗೆ. ನಾನು ಅವಸರಕ್ಕೆ ಎತ್ತಿಬಿಡುತ್ತೇನೆ. ಎತ್ತಬಾರದು. ರಾಡು ಉದ್ದ ಇರುವುದು ಮತ್ತೆ ಯಾತಕ್ಕೆ? ತುದಿಯನ್ನು ನೀರಿಗೆ ಚಾಚಿ, ಲಟ್ಟಣಿಗೆಯನ್ನು ಕಾಲ ಬುಡದಲ್ಲೇ ದೊಡ್ಡ ವೃತ್ತದಲ್ಲಿ ಸುತ್ತಿಸಬೇಕು, ರಂಗೋಲಿಯ ಎಳೆ ಸುತ್ತಿದ ಹಾಗೆ. ಆಮೇಲಿನ ದಿನಗಳಲ್ಲಿ ಪ್ರತಿ ಸಲವೂ ಸುತ್ತಿಸಿದೆ. ಕಪ್ಪು ಗೆರೆ ಮತ್ತೆ ಹೊರಡಲಿಲ್ಲ.

ಹೊರಡುವ ದಿನ ಬಂದೇ ಬಂತು. ಸಾಮಾನಿನ ಲಾರಿ ಮನೆಯ ಮುಂದೆ ನಿಂತಿತ್ತು. ನನ್ನವರು ಹಗ್ಗ ಬಿಗಿಸುವವರನ್ನು ಗದರಿಸುತ್ತಿದ್ದರು. ನಾನು ರಾಡಿನ ಕಡೆ ನೋಡಿದೆ, ಅವರು ನನ್ನ ಕಡೆ ನೋಡಿದರು. "ಮಂಚ ಏರಿಸೋವರೆಗೂ ಟೈಮಿದೆ. ಹೋಗು" ಎಂದರು. ನಾನು ಬೀದಿ ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೂಗು: "ಏ ಹುಡುಗೀ, ನಿಲ್ಲು!" ಅತ್ತೆ. ಮಿಂದ ಕೂದಲು ಇನ್ನೂ ಒದ್ದೆ, ಹಣೆಯಲ್ಲಿ ಹಸಿ ವಿಭೂತಿ. "ಪೂಜೆ ಆತು. ಬೇಗ ಮುಗಿಸಿದೆ ಇವತ್ತು. ದೇವ್ರು ಬೈಯಂಗಿಲ್ಲ ಬಿಡು."

ಮೊದಲ ಎಸೆತ, ಏನಿಲ್ಲ. ಎರಡನೆಯದು, ಏನಿಲ್ಲ. ಅದಾದ ಮೇಲೆ ಬಂಡೆಯ ಮಗ್ಗುಲಿಗೇ ಎಸೆದೆ. ಬೀಸು, ಸಡಿಲ. ಬೀಸು, ಸಡಿಲ. ಅರ್ಧ ದಾರಿ ಬಂದಿತ್ತು, ಅತ್ತೆ ನನ್ನ ರಟ್ಟೆ ಹಿಡಿದರು.

"ಅದೇನದು? ಹಿಂದೆ?"

ಗೆರೆ. ಕಪ್ಪು ಗೆರೆ. ಲಟ್ಟಣಿಗೆ ಎಡಕ್ಕೆ ಜಾರಿದರೆ ಅದೂ ಎಡಕ್ಕೆ.

"ಮಾತಾಡ್ಬೇಡ್ರಿ ಅತ್ತೆ."

"ನಾನೆಲ್ಲಿ ಮಾತಾಡಿದೆ? ಎಳಿ, ಎಳಿ! ನಿಲ್ಲಿಸ್ಬ್ಯಾಡ!"

ಲಟ್ಟಣಿಗೆ ಕೊನೆಯ ಮೆಟ್ಟಿಲಿನ ಹತ್ತಿರ ಬಂತು. ಮೀನಿನ ಅಗಲ ತಲೆ, ಮೀಸೆ, ಎಲ್ಲ ಕಂಡಿತು. ನಿಂತಿತು. ತಿರುಗಲು ಹೊರಟಿತು. ನಾನು ತೋಳನ್ನು ಚಾಚಿ ರಾಡಿನ ತುದಿಯನ್ನು ನೀರೊಳಗೇ ಅದ್ದಿ, ಬಂಡೆಗಳ ಆಚೆಯಿಂದ ಒಂದು ದೊಡ್ಡ ಸುತ್ತು ಹೊಡೆಸಿದೆ. ಲಟ್ಟಣಿಗೆ ಮೀನಿನ ಮೂಗಿನ ಮುಂದೆಯೇ ಹೊರಳಿ ಹಾದುಹೋಯಿತು. ನೀರು ಒಡೆಯಿತು! ಬಾಯಿ ಎಂದರೆ ಬಾಯಿ, ಬಿಳಿಯ ಗುಹೆ, ಗಬಕ್ ಎಂದು ಮುಚ್ಚಿತು.

ಆಮೇಲಿನದು ನನಗೆ ಚೂರು ಚೂರಾಗಿ ನೆನಪಿದೆ. ರೀಲು ಕಿರುಚಿದ್ದು. ಗಟ್ಟಿ ಎಂದುಕೊಂಡಿದ್ದ ರಾಡು ಬುಡದವರೆಗೆ ಬಾಗಿದ್ದು. ಪಾಚಿಯ ಮೆಟ್ಟಿಲಿನಲ್ಲಿ ನನ್ನ ಕಾಲು ಜಾರಿದ್ದು, ಅತ್ತೆ ಹಿಂದಿನಿಂದ ನನ್ನ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ್ದು. "ಬಂಡೆ ಕಡೆ ಬಿಡಬ್ಯಾಡ! ಈ ಕಡೆ ತಿರುಗ್ಸು! ಅಯ್ಯೋ ನಮ್ಮಪ್ಪಾ!" ಒಗೆಯುವ ಹೆಂಗಸರೆಲ್ಲ ಎದ್ದು ಕೂಗುತ್ತಿದ್ದರು, ಯಾರದೋ ಸೀರೆ ಹೊಳೆಯಲ್ಲಿ ತೇಲಿ ಹೋಗುತ್ತಿತ್ತು. ಉದ್ದನೆಯ ರಾಡು ದಾರವನ್ನು ಬಂಡೆಗಳಿಂದ ಆಚೆಗೇ ಹಿಡಿದಿತ್ತು. ಕೊನೆಗೆ ಅದು ಮಗ್ಗುಲಾಯಿತು. ಬೆಳ್ಳಿಯ ಮೈ, ನನ್ನ ಕಾಲಿನಷ್ಟು ಉದ್ದ.

"ರಾಡ್ ಹಿಡ್ಕೊಳ್ರಿ ಅತ್ತೆ, ನಾನು ಕೊಕ್ಕೆ ಬಿಡಿಸ್ತೀನಿ."

"ನಾನಾ? ಸ್ನಾನ ಆಗೈತೆ ನಂದು!" ಎನ್ನುತ್ತಲೇ ಹಿಡಿದುಕೊಂಡರು. ಹಿಡಿದ ಮೇಲೆ ಅವರ ಮುಖ ನೋಡಬೇಕಿತ್ತು. ಮೀನಿನ ಒದೆತ ಹಿಡಿಯವರೆಗೆ ಬರುತ್ತಿತ್ತು, ಅವರ ಬಳೆಗಳು ಗಲಗಲ ಎನ್ನುತ್ತಿದ್ದವು.

ಮೊಣಕಾಲುದ್ದದ ನೀರಿಗಿಳಿದು, ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದ ನನ್ನವರ ಇಕ್ಕಳದಿಂದ ಕೊಕ್ಕೆ ಬಿಡಿಸಿ, ಮೀನಿನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಹಿಡಿದುಕೊಂಡೆ. ಕಿವಿರು ತೆರೆಯಿತು, ಮುಚ್ಚಿತು. ನನಗೆ ಅಳು, ನಗು, ಯಾವುದು ಮೊದಲು ಬಂತೋ ತಿಳಿಯದು. "ಲುಕ್ ಡ್ಯಾಡಿ" ಎಂದೆ, ಚಿಕ್ಕ ಹುಡುಗಿಯ ಹಾಗೆ. ಅದು ಒಮ್ಮೆ ಮೈ ಕೊಡವಿ ಹೊರಟುಹೋಯಿತು. ಲಟ್ಟಣಿಗೆಯ ಕೆಂಪು ಬಣ್ಣ ಎದ್ದು, ಬರಿಯ ಮರದ ಮೇಲೆ ಹಲ್ಲಿನ ಗೀರುಗಳು ಸಾಲಾಗಿ ಮೂಡಿದ್ದವು. ಅತ್ತೆ ಅದನ್ನು ಬೆರಳಿನಿಂದ ಸವರಿ ಸವರಿ ನೋಡಿದರು. "ನಂಬೈತೆ ಕಣೇ" ಎಂದರು ಮೆಲ್ಲಗೆ. "ನಿಮ್ಮಪ್ಪನ ದಿಮ್ಮೀನ ನಂಬೈತೆ."

ಲಾರಿಯ ಹಾರನ್ ಎರಡು ಸಲ ಕೂಗಿತು. ಇನ್ನೊಮ್ಮೆ ಸ್ನಾನ ಮಾಡಲು ಮನೆಯಲ್ಲಿ ಹಂಡೆಯೂ ಇರಲಿಲ್ಲ, ಅದೂ ಲಾರಿ ಹತ್ತಿತ್ತು. ಅತ್ತೆ ಹೊಳೆಯಲ್ಲೇ ಮೂರು ಮುಳುಗು ಹಾಕಿ, ಒದ್ದೆ ಸೀರೆಯಲ್ಲೇ ಜಗಳೂರಿನ ದಾರಿ ಹಿಡಿದರು.

ಜಗಳೂರಿನಲ್ಲಿ ಮೊದಲ ಸಂಜೆ ನಲ್ಲಿಯ ಮುಂದೆ ಕೊಡಗಳ ಸಾಲು. ನೀರು ಬರುವವರೆಗೆ ಮಾತಿಗೆ ಬರವಿರಲಿಲ್ಲ. ನಾನು ಹಿಂದೆ ನಿಂತಿದ್ದೆ. ಅತ್ತೆ ಆಗಲೇ ಹೊಸ ಹೆಂಗಸರ ನಡುವೆ ಕುಳಿತು, ಎರಡು ಕೈಗಳನ್ನೂ ಅಗಲಕ್ಕೆ ಚಾಚಿದ್ದರು.

"ಇಷ್ಟುದ್ದ ಇತ್ತು ನೋಡ್ರಿ. ಕೋಲು ನಾನೇ ಹಿಡಿದಿದ್ದೆ."

"ಅಬ್ಬಬ್ಬ! ಸಾರು ಮಾಡಿದ್ರೇನ್ರಿ?" ಎಂದಳು ಒಬ್ಬಳು.

"ಶಿವ ಶಿವಾ! ಬಿಟ್ವಿ ಕಣ್ರೀ. ಬಾಲ ಬಡಿದು, ನನ್ನ ಮುಖಕ್ಕೆ ನೀರು ಎರಚಿ ಹೋತು." ಅತ್ತೆ ಕೆನ್ನೆ ಮುಟ್ಟಿಕೊಂಡರು. "ಇಲ್ಲಿ, ಇಲ್ಲಿಗೆ ಬಿತ್ತು ನೋಡ್ರಿ ನೀರು."